ಕರಜಗಿಯ ಮಾಳಿಗೆಯ ಮೇಲೆ ಇಳಿದ ಬಿಸಿಲು

ಆ ಬೇಸಿಗೆಯಲ್ಲಿ ಕರಜಗಿಯ ಮೇಲೆ ಬಿಸಿಲು ಕಡಿಮೆಯಾಗುತ್ತಿದೆ ಎಂದು ನನ್ನ ಯಂತ್ರ ಹೇಳತೊಡಗಿತು. ಅಕ್ಕಲಕೋಟ ತಾಲೂಕಿನ ಆ ಊರಿನ ಬಸ್ ನಿಲ್ದಾಣದಲ್ಲಿ ಮಧ್ಯಾಹ್ನ ಒಂದು ಗಳಿಗೆ ನಿಂತವರು ಯಾರಾದರೂ ಯಂತ್ರಕ್ಕೆ ತಲೆ ಕೆಟ್ಟಿದೆ ಎಂದಾರು. ಆದರೆ ನಾನು ಅಳೆಯುತ್ತಿದ್ದುದು ಮೈಗೆ ತಾಗುವ ಕಾವನ್ನಲ್ಲ, ಅತಿನೇರಳೆ ಕಿರಣಗಳನ್ನು. ಅವು ಕಣ್ಣಿಗೆ ಕಾಣುವುದಿಲ್ಲ, ಚರ್ಮಕ್ಕೂ ಒಡನೆ ಗೊತ್ತಾಗುವುದಿಲ್ಲ. ಹಾಗಾಗಿ ನಿಜವೋ ಸುಳ್ಳೋ ಎಂದು ಊರವರನ್ನು ಕೇಳಿ ತಿಳಿಯುವಂತಿರಲಿಲ್ಲ. ಯಂತ್ರ ಹೇಳಿದ್ದನ್ನು ನಂಬಬೇಕು, ಇಲ್ಲವೇ ಯಂತ್ರವನ್ನೇ ಬಿಚ್ಚಿ ನೋಡಬೇಕು.

ನಮ್ಮ ಬಳಿ ಅಂಥ ಎರಡು ಯಂತ್ರಗಳಿದ್ದವು. ಒಂದು ಸೋಲಾಪುರ ನಗರದಲ್ಲಿ, ನಾನು ಕೆಲಸ ಮಾಡುತ್ತಿದ್ದ ಕಾಲೇಜಿನ ಮೇಲೆ. ಇನ್ನೊಂದು ಕರಜಗಿಯ ಒಕ್ಕಲುತನದ ಮನೆಯೊಂದರ ಮಾಳಿಗೆಯ ಮೇಲೆ. ಎರಡೂ ಉತ್ತರದ ಶೀತ ದೇಶವೊಂದರಲ್ಲಿ ತಯಾರಾದವು. ಜೊತೆಗೆ ಬಂದ ಕೈಪಿಡಿಯಲ್ಲಿ ಹಿಮ ಸರಿಸುವುದು ಹೇಗೆಂದು ಪುಟಗಟ್ಟಲೆ ಬರೆದಿದ್ದರು, ನಮ್ಮ ಧೂಳಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಯಂತ್ರದ ನೆತ್ತಿಯ ಮೇಲೆ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಪಾರದರ್ಶಕ ಗುಮ್ಮಟ. ಸಾಮಾನ್ಯ ಗಾಜು ಅತಿನೇರಳೆಯನ್ನು ನುಂಗಿಬಿಡುತ್ತದೆ, ಅದಕ್ಕೇ ಇದನ್ನು ಕ್ವಾರ್ಟ್ಜ್‌ನಿಂದ ಮಾಡುತ್ತಾರೆ. ಒಳಗೆ ಬೆಳಕನ್ನು ಕೆಲವು ಪಟ್ಟಿಗಳಾಗಿ ಬೇರೆ ಮಾಡಿ ಅಳೆಯುವ ಭಾಗಗಳಿವೆ. ಓಝೋನ್ ಪದರ ಗಿಡ್ಡ ತರಂಗಗಳನ್ನು ಹೆಚ್ಚು ತಡೆಯುತ್ತದೆ, ಉದ್ದ ತರಂಗಗಳನ್ನು ಕಡಿಮೆ. ಈ ಎರಡರ ಅನುಪಾತ ಹಿಡಿದರೆ ನಮ್ಮ ತಲೆಯ ಮೇಲೆ ಎಷ್ಟು ಓಝೋನ್ ಇದೆ ಎಂಬ ಲೆಕ್ಕ ಸಿಗುತ್ತದೆ.

ನಗರದ ಹೊಗೆ ಬಿಸಿಲಿನಲ್ಲಿ ಏನು ಬದಲಾವಣೆ ಮಾಡುತ್ತಿದೆ ಎಂದು ಹೇಳಬೇಕಾದರೆ ಆ ಹೊಗೆಯಿಲ್ಲದ ಹಳ್ಳಿಯ ಅಳತೆ ಪಕ್ಕದಲ್ಲಿರಬೇಕು. ಕರಜಗಿ ಆ ಹಳ್ಳಿ. ಮೂರು ವರ್ಷ ತಡೆಯಿಲ್ಲದೆ ಅಳೆದಿದ್ದೆವು. ಬರುವ ಚಳಿಗಾಲಕ್ಕೆ ಪರಿಶೀಲನಾ ಸಮಿತಿ ಬರುವುದಿತ್ತು. ಕರಜಗಿಯ ದಾಖಲೆಯನ್ನು ಒಪ್ಪಿದರೆ ಎರಡೂ ಕೇಂದ್ರಗಳು ಕಾಯಂ, ಅವುಗಳ ಬೆನ್ನಿಗೆ ಗುತ್ತಿಗೆಯ ಮೇಲಿದ್ದ ನಾನೂ ಕಾಯಂ. ಒಪ್ಪದಿದ್ದರೆ ಯಂತ್ರವೂ ಹೋಗುತ್ತದೆ, ನಾನೂ ಹೋಗುತ್ತೇನೆ. ನನ್ನ ತಂದೆ ಸೋಲಾಪುರದ ಚಾದರದ ವ್ಯಾಪಾರಿ. ನನ್ನ ಕೆಲಸ ಅವರಿಗೆ ಮೊದಲಿನಿಂದಲೂ ತಮಾಷೆಯ ವಸ್ತು. "ಸೋಲಾಪುರದಾಗ ಬಿಸಿಲ ಅಳ್ಯಾಕ ಪಗಾರ ಕೊಡ್ತಾರ ಅಂದ್ರ, ನಾಳಿ ಧೂಳ ಎಣಸಾಕೂ ಮಂದಿ ತಗೋತಾರ ಬಿಡು," ಎನ್ನುತ್ತಿದ್ದರು.

ಕರಜಗಿಯ ಯಂತ್ರವನ್ನು ದಿನಾ ನೋಡಿಕೊಳ್ಳುತ್ತಿದ್ದವರು ಆ ಮನೆಯ ಯಜಮಾನತಿ. ನಾನು ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆ. ತುಂಬಿದ ಮನೆ, ಗಂಡು ಮಕ್ಕಳು, ಸೊಸೆಯಂದಿರು, ಕೊಟ್ಟಿಗೆ ತುಂಬ ಎಮ್ಮೆ. ಆದರೂ ಮಾಳಿಗೆಯ ಮೇಲಿನ ಈ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ. ನಾವು ಕಲಿಸಿದ್ದು ಇಷ್ಟೇ: ಬೆಳಿಗ್ಗೆ ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು ಗುಮ್ಮಟದ ಮೇಲೆ ಸ್ವಲ್ಪ ಸುರಿಯುವುದು, ಕೊಟ್ಟಿರುವ ಮೆತ್ತನೆಯ ಅರಿವೆಯಿಂದ ಒರೆಸುವುದು. ಯಂತ್ರ ನೋಡಲು ಬಂದ ನೆಂಟರಿಗೆಲ್ಲ ಕಾಕು ಅದನ್ನು ಹೊಸ ಸೊಸೆಯನ್ನು ತೋರಿಸುವಂತೆ ಹೆಮ್ಮೆಯಿಂದ ತೋರಿಸುತ್ತಿದ್ದರು.

ಇಳಿಕೆ ಮೊದಲು ಕಂಡಾಗ ನಾನು ಗಾಬರಿಯಾಗಲಿಲ್ಲ. ಕಬ್ಬಿನ ರವದಿಯ ಒಣ ಗರಿ ಸುಡುವ ಹೊಗೆ, ಎತ್ತರದ ಧೂಳು, ತೆಳು ಮೋಡ, ಹೀಗೆ ಕಾರಣಗಳಿಗೇನೂ ಬರವಿರಲಿಲ್ಲ. ಆಮೇಲೆ ಇನ್ನೊಂದು ವಿಚಿತ್ರ ಕಂಡಿತು. ಗಿಡ್ಡ ತರಂಗಗಳು ಉದ್ದದವಕ್ಕಿಂತ ಹೆಚ್ಚು ಇಳಿದಿದ್ದವು, ಅದರಿಂದ ಕರಜಗಿಯ ಮೇಲೆ ಓಝೋನ್ ಏರುತ್ತಿದೆ ಎಂದು ಲೆಕ್ಕ ಬರುತ್ತಿತ್ತು. ಸೋಲಾಪುರದ ಮೇಲೆ ಏರಿರಲಿಲ್ಲ. ಉಪಗ್ರಹದ ಅಳತೆಯಲ್ಲೂ ಏರಿರಲಿಲ್ಲ. ಓಝೋನ್ ಪದರ ತಾಲೂಕಿನ ಗಡಿ ನೋಡಿ ದಪ್ಪ ತೆಳುವಾಗುವ ವಸ್ತುವಲ್ಲ. ಅಂದರೆ ದೋಷ ಯಂತ್ರದಲ್ಲೇ ಇರಬೇಕು.

ಕೈಪಿಡಿ ಹೇಳಿದ ಕ್ರಮದಲ್ಲೇ ಹುಡುಕಿದೆ. ಒಳಗಿನ ತೇವ ಹೀರುವ ಹರಳುಗಳು ಬಣ್ಣ ತಿರುಗಿವೆಯೇ ಎಂದು ನೋಡಿ ಹೊಸವನ್ನು ತುಂಬಿದೆ. ರಸಮಟ್ಟ ಇಟ್ಟು ಪೀಠ ವಾಲಿದೆಯೇ ಎಂದು ನೋಡಿದೆ. ಕೇಬಲ್ಲಿನ ಜೋಡಣೆ ಬಿಚ್ಚಿ ಕಿಲುಬು ತೆಗೆದೆ. ಒಳಗಿನ ಉಷ್ಣತೆ ಒಂದೇ ಮಟ್ಟದಲ್ಲಿ ನಿಲ್ಲುತ್ತಿದೆಯೇ, ಬೆಳಕಿಲ್ಲದಾಗ ಅಳತೆ ಸೊನ್ನೆಗೆ ಬರುತ್ತಿದೆಯೇ, ಎಲ್ಲವನ್ನೂ ಪರೀಕ್ಷಿಸಿದೆ. ಒಂದೊಂದು ಪರೀಕ್ಷೆಗೂ ಒಂದೊಂದು ಸಲ ಹೋಗುವುದು. ಕುಂಭಾರಿ ದಾಟಿ, ಅಕ್ಕಲಕೋಟದಲ್ಲಿ ಬಸ್ ಬದಲಿಸಿ, ಕರಜಗಿ ಮುಟ್ಟುವಷ್ಟರಲ್ಲಿ ಧೂಳಿಗೆ ತಲೆಗೂದಲು ಕೆಂಪಾಗಿರುತ್ತಿತ್ತು. ಹೊರಡುವ ಹಿಂದಿನ ದಿನ ಕಾಕುಗೆ ಫೋನ್ ಮಾಡುತ್ತಿದ್ದೆ. ಯಾವಾಗ ಹೋದರೂ ಗುಮ್ಮಟ ಕನ್ನಡಿಯಂತೆ ಹೊಳೆಯುತ್ತಿತ್ತು. "ಕಾಕು, ಕಾಲೇಜಿನ ಯಂತ್ರಾನೂ ಇಷ್ಟ್ ಸಾಫ್ ಇರಂಗಿಲ್ರಿ," ಎಂದು ಮನಸಾರೆ ಹೊಗಳುತ್ತಿದ್ದೆ. ಎಲ್ಲ ಸರಿಯಿತ್ತು, ಅಳತೆ ಮಾತ್ರ ಇಳಿಯುತ್ತಲೇ ಹೋಯಿತು. ನಾನು ಇನ್ನೂ ಹೆಚ್ಚು ಸಲ ಹೋಗತೊಡಗಿದೆ.

ಕೊನೆಗೆ ನಮ್ಮ ವಿಭಾಗದ ಮುಖ್ಯಸ್ಥರು ಕೇಂದ್ರ ಪ್ರಯೋಗಾಲಯದವರ ಕೈಕಾಲು ಹಿಡಿದು ಅವರ ಪ್ರಮಾಣ ಯಂತ್ರವನ್ನು ತರಿಸಿದರು. ಬೇರೆ ಊರುಗಳ ಯಂತ್ರಗಳನ್ನೆಲ್ಲ ಅದರೊಂದಿಗೆ ಹೋಲಿಸಿಯೇ ತಿದ್ದುವುದು. ಅದನ್ನು ಕರಜಗಿಯ ಮಾಳಿಗೆಯ ಮೇಲೆ ನಮ್ಮದರ ಪಕ್ಕದಲ್ಲಿ ಕೂರಿಸಿದೆವು. ಮೊದಲ ದಿನಗಳಲ್ಲಿ ಅದರ ಅಳತೆ ಮೇಲೆ, ನಮ್ಮದು ಕೆಳಗೆ. ದೋಷ ನಮ್ಮದರಲ್ಲೇ ಎಂದು ಖಾತ್ರಿಯಾಯಿತು. ಸೂರ್ಯನ ಎಲ್ಲ ಕೋನಗಳಲ್ಲೂ ಎರಡನ್ನೂ ಹೋಲಿಸಿ ತಿದ್ದುಪಡಿ ತೆಗೆಯಲು ಕೆಲವು ವಾರ ಬೇಕು. ಹಾಗಾಗಿ ಅದನ್ನು ಅಲ್ಲೇ ಬಿಟ್ಟು ಬಂದೆ. ಅಳತೆಗಳು ನನ್ನ ಫೋನಿಗೆ ಬರುತ್ತಿದ್ದವು. ನಡುವೆ ಒಂದೆರಡು ಸಲ ನೋಡಿಯೂ ಬಂದೆ.

ಆಮೇಲೆ ಪ್ರಮಾಣ ಯಂತ್ರದ ಅಳತೆಯೂ ಇಳಿಯಿತು.

ಅದನ್ನು ಕಂಡಾಗ ನಾನು ಕರಜಗಿಯಿಂದ ಮರಳುತ್ತ ಕುಂಭಾರಿಯ ಹತ್ತಿರ ಬಸ್ಸಿನಲ್ಲಿದ್ದೆ. ಫೋನಿನಲ್ಲಿ ಎರಡೂ ಯಂತ್ರಗಳ ಗೆರೆಗಳು ಒಂದರ ಹತ್ತಿರ ಒಂದು ಬಂದು ನಿಂತಿದ್ದವು. ಎರಡು ಬೇರೆ ಬೇರೆ ಯಂತ್ರಗಳು ಸೇರಿ ಒಂದೇ ಸುಳ್ಳು ಹೇಳುವುದು ಸಾಧ್ಯವೇ? ಹಾಗಾದರೆ ಇಳಿದದ್ದು ಆಕಾಶದಲ್ಲೇ! ನಮ್ಮ ಯಂತ್ರ ಸತ್ಯವನ್ನೇ ಹೇಳುತ್ತಿತ್ತು, ನಾನು ವೃಥಾ ಅನುಮಾನಿಸಿದ್ದೆ. ಕಂಡಕ್ಟರನನ್ನು ಕರೆದು ಹೇಳಬೇಕೆನಿಸುವಷ್ಟು ಸಂತೋಷವಾಯಿತು. ಕರಜಗಿಯ ಮೇಲೆ ಮಾತ್ರ ಓಝೋನ್ ಏರುವುದು ಹೇಗೆ ಎಂಬ ಪ್ರಶ್ನೆ ಅಲ್ಲೇ ಕುಳಿತಿತ್ತು. ಅದನ್ನು ನೋಡಿಯೂ ನೋಡದಂತಿದ್ದೆ. ಮುಖ್ಯಸ್ಥರಿಗೆ ಹೇಳಿದಾಗ ಅವರು ಖುಷಿಪಡಲಿಲ್ಲ, ಇನ್ನೊಂದು ಸಲ ಹೋಗಿ ಬಾ ಎಂದರು. ನಾಳೆ ಹತ್ತರ ಬಸ್ಸಿಗೆ ಬರುತ್ತೇನೆಂದು ಕಾಕುಗೆ ಫೋನ್ ಮಾಡಿದೆ.

ಮರುದಿನ ಅಕ್ಕಲಕೋಟಕ್ಕೆ ಹೊರಟಿದ್ದ ಪರಿಚಯದವರ ಜೀಪು ಸಿಕ್ಕಿತು. ಅವರು ಕರಜಗಿಯತನಕ ಬಿಟ್ಟರು. ಹೇಳಿದ್ದಕ್ಕಿಂತ ಬಹಳ ಮುಂಚೆ ಮುಟ್ಟಿದೆ. ಸೊಸೆ ಬಾಗಿಲಲ್ಲೇ, "ಅತ್ತಿಯವರು ಮ್ಯಾಲ ಅದಾರ್ರಿ," ಎಂದಳು. ಏರಿ ಹೋದೆ.

ಕಾಕು ಪ್ರಮಾಣ ಯಂತ್ರದ ಮುಂದೆ ಮೊಣಕಾಲೂರಿ ಕುಳಿತಿದ್ದರು. ಎಡಗೈಯಲ್ಲಿ ಸಣ್ಣ ಸ್ಟೀಲ್ ಡಬ್ಬಿ. ಬಲಗೈ ಒಣ ಅರಿವೆಯಿಂದ ಗುಮ್ಮಟವನ್ನು ಸುತ್ತು ಸುತ್ತು ತಿಕ್ಕುತ್ತಿತ್ತು. ಬೆರಳೆಲ್ಲ ಬೆಳ್ಳಗಾಗಿತ್ತು.

"ಇಷ್ಟ್ ಲಗೂ ಬಂದ್ಯಾ ಯವ್ವಾ? ಹತ್ತರ ಗಾಡಿಗಿ ಬರ್ತೀನಂದಿದ್ದಿ. ನಂದಿನ್ನೂ ಮುಗದಿಲ್ಲ ನೋಡು."

"ಡಬ್ಬ್ಯಾಗ ಏನೈತ್ರಿ ಕಾಕು?"

"ರಂಗೋಲಿ ಪುಡಿ. ಹಿಂದಕ ಕಂದೀಲ ಕಾಚಿಗಿ ಹಚ್ಚಿ ತಿಕ್ತಿದ್ವೆಲ್ಲಾ, ಹಂಗ. ನಮ್ಮತ್ತಿ ಕಲಿಸಿದ್ದು. ಬರೇ ನೀರಿಲೆ ಒರಸಿದ್ರ ಮಬ್ಬ ಹೋಗಂಗಿಲ್ಲ. ಇದಕ ಹಚ್ಚಿದ್ರ ಲಕಲಕ ಅಂತೈತಿ."

"ದಿನಾ ಹಚ್ತೀರೇನ್ರಿ?"

"ದಿನಾ ಎಲ್ಲಿ ಪುರಸತ್ತು? ದಿನಾ ನೀ ಹೇಳಿದಂಗ ನೀರ. ನೀ ಬರ್ತೀನಂತ ಫೋನ್ ಮಾಡಿದಾಗ ಇದು. ಮತ್ತ ಅಮಾಸಿಗಿ. ಮತ್ತ ಪಾವಣ್ಯಾರು, ನೆಂಟರು ನೋಡಾಕ ಬಂದಾಗ."

"ಈ ಹೊಸಾದಕ್ಕೂ ಹಚ್ಚೀರಿ?"

"ಹಚ್ಚದ ಬಿಡ್ತಾರೇನು? ಅದು ನಮ್ಮ ಮನೀಗಿ ಪಾವಣಾ ಬಂದದ್ದು. ಮನೀದಕ ಮಾಡಿ ಬಂದದ್ದಕ ಬಿಟ್ರ ಏನ್ ಛಂದ?"

ನಾನು ಮಾಳಿಗೆಯ ಗೋಡೆಗೆ ಒರಗಿ ಕುಳಿತುಬಿಟ್ಟೆ. ಕಾಕು ಗಾಬರಿಯಾದರು. "ಬಿಸಿಲ ಬಡೀತೇನ? ನೀರ ತರ್ತೀನಿ, ಕುಂಡ್ರು," ಎಂದು ಅರಿವೆ ಕೆಳಗಿಟ್ಟು ಇಳಿದು ಹೋದರು.

ಅವರು ಬರುವಷ್ಟರಲ್ಲಿ ಗುಮ್ಮಟವನ್ನು ಮಸೂರದಡಿ ನೋಡಿದೆ. ಬರಿಗಣ್ಣಿಗೆ ಕನ್ನಡಿ. ಮಸೂರದಲ್ಲಿ ಕೂದಲಿಗಿಂತ ಸಣ್ಣ ಗೀರುಗಳು, ಸುತ್ತು ಸುತ್ತಾಗಿ, ಒಂದರ ಮೇಲೊಂದು, ನಡುವೆ ಬಿಳಿಪುಡಿ. ನಮ್ಮ ಪೇಟೆಯ ರಂಗೋಲಿ ಬಿಳಿಕಲ್ಲಿನ ಪುಡಿ, ಅದರಲ್ಲಿ ಗುಮ್ಮಟದಷ್ಟೇ ಗಟ್ಟಿಯಾದ ಕಣಗಳೂ ಇರುತ್ತವೆ. ಕಂದೀಲಿನ ಗಾಜಿಗೆ ಗೀರು ಬಿದ್ದರೆ ಯಾರಿಗೂ ನಷ್ಟವಿಲ್ಲ, ಅಡುಗೆಮನೆಗೆ ಬೆಳಕು ಬಿದ್ದರಾಯಿತು. ಇಲ್ಲಿ ಗೀರುಗಳೂ ಪುಡಿಯೂ ಬೆಳಕನ್ನು ಅಡ್ಡಾದಿಡ್ಡಿ ಚೆದುರಿಸುತ್ತಿದ್ದವು, ಗಿಡ್ಡ ತರಂಗಗಳನ್ನು ಇನ್ನೂ ಹೆಚ್ಚು. ಇಲ್ಲದ ಓಝೋನ್ ಹುಟ್ಟಿದ್ದು ಅಲ್ಲಿಂದ. ನನ್ನ ಅನುಮಾನ ಬೆಳೆದಷ್ಟೂ ನಾನು ಹೆಚ್ಚು ಸಲ ಬಂದೆ. ಬರುತ್ತೇನೆಂದಾಗಲೆಲ್ಲ ಗುಮ್ಮಟ ತಿಕ್ಕಿಸಿಕೊಂಡಿತು, ಅಳತೆ ಇನ್ನಷ್ಟು ಇಳಿಯಿತು, ನಾನು ಮತ್ತೆ ಫೋನ್ ಮಾಡಿದೆ. ದೋಷ ಹುಡುಕುವ ನನ್ನ ಓಡಾಟವೇ ದೋಷವನ್ನು ಬೆಳೆಸುತ್ತಿತ್ತು.

ಎರಡೂ ಯಂತ್ರಗಳಿಗೆ ಮುಚ್ಚಳ ಹಾಕಿ, ನಾನು ಹೇಳುವತನಕ ಇವನ್ನು ಮುಟ್ಟುವುದು ಬೇಡ ಎಂದೆ. ಯಾಕೆಂದು ಹೇಳಲಿಲ್ಲ. ಕಾಕು ನೀರಿನ ಚೊಂಬು ಹಿಡಿದು ನಾನು ಕುಡಿದು ಮುಗಿಸುವತನಕ ಎದುರಿಗೇ ನಿಂತಿದ್ದರು.

ಮುಖ್ಯಸ್ಥರು ಮರಾಠಿಯವರು, ಸಿಟ್ಟು ಬಂದಾಗ ಮಾತು ನಿಲ್ಲಿಸುವ ಜಾತಿ. ಆ ದಿನ ನಾನು ಹೇಳಿದ್ದನ್ನು ಕೇಳಿ ಅಳತೆಯ ಹಾಳೆಗಳನ್ನು ತಿರುವಿ ಹಾಕಿದರು. ಆಮೇಲೆ ದಾರಿಯೊಂದನ್ನು ಸೂಚಿಸಿದರು. ನೀನು ಯಾವ ಯಾವ ದಿನ ಹೋಗಿದ್ದೆ ಎಂಬುದು ಗೊತ್ತಿದೆ. ಒಂದೊಂದು ಭೇಟಿಗೆ ಅಳತೆ ಒಂದೊಂದು ಮೆಟ್ಟಿಲು ಇಳಿದಿದೆ ಎಂದು ಹಿಡಿ, ಅಷ್ಟನ್ನು ವಾಪಸ್ ಏರಿಸು, ತಿದ್ದುಪಡಿ ಎಲ್ಲರೂ ಮಾಡುತ್ತಾರೆ, ಇದು ಸುಳ್ಳಲ್ಲ ಎಂದರು. ಮುಳುಗುವವಳಿಗೆ ಹಗ್ಗ ಸಿಕ್ಕಂತಾಯಿತು. ಲೆಕ್ಕಕ್ಕೆ ಕುಳಿತೆ.

ಕೆಲವು ಭೇಟಿಗಳ ಹಿಂದೆ ನಿಜವಾಗಿಯೂ ಮೆಟ್ಟಿಲು ಇತ್ತು, ಕೆಲವಕ್ಕೆ ಇರಲಿಲ್ಲ. ನಾನು ಹೋಗದ ದಿನಗಳಲ್ಲೂ ಮೆಟ್ಟಿಲುಗಳಿದ್ದವು, ಮೊದಲ ವರ್ಷದಿಂದಲೇ, ಆಗ ಕಣ್ಣಿಗೆ ಬೀಳದಷ್ಟು ಸಣ್ಣವು. ಯಾವ ಯಾವಾಗ ನೆಂಟರು ಯಂತ್ರ ನೋಡಲು ಬಂದಿದ್ದರು ಎಂದು ಕಾಕುಗೆ ಫೋನ್ ಮಾಡಿ ಸಹಜವೆಂಬಂತೆ ಕೇಳಿದೆ. ಅವರು ಸಂಭ್ರಮದಿಂದ ನೆನಪಿಸಿಕೊಂಡರು. ಮೈದುನನ ಮಗಳ ನಿಶ್ಚಯಕ್ಕೆ ಬಂದವರು, ಪಂಢರಪುರದಿಂದ ಮರಳುವಾಗ ಇಳಿದವರು, ಸೊಸೆಯ ಸೀಮಂತದ ಕುಬಸಕ್ಕೆ ಬಂದ ತವರಿನವರು. ಆ ನೆನಪುಗಳಲ್ಲಿ ಮನುಷ್ಯರಿದ್ದರು, ಊಟವಿತ್ತು, ತಾರೀಖು ಇರಲಿಲ್ಲ. ಎಷ್ಟು ಒತ್ತಿ ತಿಕ್ಕಿದ್ದರು, ಎಷ್ಟು ಹೊತ್ತು ತಿಕ್ಕಿದ್ದರು ಎಂಬುದು ದೇವರಿಗೇ ಗೊತ್ತು. ಮೆಟ್ಟಿಲುಗಳನ್ನು ಅಲ್ಲಿಷ್ಟು ಇಲ್ಲಿಷ್ಟು ಸರಿಸಿದರೆ ಮೂರು ವರ್ಷದಲ್ಲಿ ಬಿಸಿಲು ಏರಿದೆ ಎಂದೂ ತೋರಿಸಬಹುದಿತ್ತು, ಇಳಿದಿದೆ ಎಂದೂ, ಇದ್ದಲ್ಲೇ ಇದೆ ಎಂದೂ. ಸಮಿತಿಗೆ ಯಾವುದು ಇಷ್ಟವೋ ಅದನ್ನು ಬಡಿಸಬಹುದಿತ್ತು. ಇದು ಹೊಳೆದ ದಿನ ಲೆಕ್ಕದ ಹಾಳೆ ಮುಚ್ಚಿಟ್ಟು ಎದ್ದೆ.

ತಂದೆಯ ಅಂಗಡಿಗೆ ಹೋಗಿ ಗಾದಿಯ ಮೇಲೆ ಕುಳಿತೆ. ಅವರು ಗಿರಾಕಿಯನ್ನು ಕಳಿಸಿ ಏನೆಂದು ಕೇಳಿದರು. ಹೇಳಿದೆ. ಓಝೋನ್ ಅವರಿಗೆ ಬೇಡವಾಗಿತ್ತು, ಉಳಿದದ್ದು ಕಲೆ ಬಿದ್ದ ಚಾದರದ ಲೆಕ್ಕದಂತೆ ಅರ್ಥವಾಯಿತು.

"ಎಲ್ಲಿಂದ ಎಲ್ಲೀತನ ಡಾಗ ಬಿದ್ದೈತಿ, ಗೊತ್ತೈತೇನು?"

"ಇಲ್ರಿ ಅಪ್ಪಾ."

"ಗೊತ್ತಿದ್ರ ಕತ್ತರಿ ಹಾಕಿ ಉಳದದ್ದು ಮಾರಬೌದು. ಗೊತ್ತಿಲ್ಲಂದ್ರ ಪೂರಾ ಗಠ್ಠಾ ವಾಪಸ್ ತಗೋಬೇಕು. ಬ್ಯಾರೆ ದಾರಿ ಇಲ್ಲ."

"ಪೂರಾ ಮೂರ ವರ್ಸದ್ದು ಐತ್ರಿ."

"ಇರ್ಲಿ. ಗಿರಾಕಿ ಮನ್ಯಾಗ ಹಾಸಿದ ಮ್ಯಾಲ ಡಾಗ ಕಂಡ್ರ, ಆಂವ ನಿನ್ನ ಛಲೋ ಮಾಲೂ ನಂಬಂಗಿಲ್ಲ."

ಹೀಗೆ ಹೇಳಿ ಅವರು ಮುಂದಿನ ಗಿರಾಕಿಗೆ ಚಾದರ ಬಿಚ್ಚತೊಡಗಿದರು. ನನಗೆ ಅವರ ಮೇಲೆ ಸಿಟ್ಟು ಬಂತು, ಅವರು ಹೇಳಿದ್ದು ಸರಿಯಾಗಿದ್ದುದಕ್ಕೇ. ಮರುದಿನ ಮುಖ್ಯಸ್ಥರ ಕೋಣೆಗೆ ಹೋಗಿ, ಕರಜಗಿಯ ಇಡೀ ದಾಖಲೆಯನ್ನು ಹಿಂದೆ ತೆಗೆದುಕೊಳ್ಳೋಣ ಎಂದೆ. ಅವರು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಆಮೇಲೆ ತಲೆಯಾಡಿಸಿದರು. ಸಿಟ್ಟಾದಾಗ ಸುಮ್ಮನಾಗುವವರು ಆ ದಿನ, "ಜಮೇಲ ತೇವಢಂ ಕೇಲಂಸ, ಬಾಳಾ," ಎಂದರು. ನಿನ್ನಿಂದ ಆದಷ್ಟು ಮಾಡಿದೆ ಮಗಳೇ ಎಂದು.

ಸತ್ಯ ಹೇಳಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನ್ನದು ಆಗಲಿಲ್ಲ. ಕಳೆದುಹೋದ ಪುಸ್ತಕವನ್ನು ಮತ್ತೆ ಕೊಳ್ಳಬಹುದು, ಸತ್ತ ಬೆಳೆಯ ಜಾಗದಲ್ಲಿ ಇನ್ನೊಂದು ಬಿತ್ತಬಹುದು. ಆ ಮೂರು ವರ್ಷ ಕರಜಗಿಯ ಮೇಲೆ ಬಿದ್ದ ಬಿಸಿಲನ್ನು ಯಾರೂ ಇನ್ನೊಮ್ಮೆ ಅಳೆಯಲಾರರು. ಅದು ಬಿದ್ದು ಹೋಯಿತು. ಸಮಿತಿಯವರು ಬಂದು ಕರಜಗಿಯ ಅಳತೆಯನ್ನು ಅದರ ಮೊದಲ ದಿನದಿಂದ ಹಿಡಿದು ಪೂರ್ತಿ ಹೊಡೆದು ಹಾಕಿದರು. ಜೋಡಿಯಿಲ್ಲದ ಚಪ್ಪಲಿಯಂತೆ ನಗರದ ಅಳತೆಯೊಂದೇ ಉಳಿಯಿತು. ಪ್ರಮಾಣ ಯಂತ್ರ ಕೆಟ್ಟದ್ದರಿಂದ ಬೇರೆ ಊರುಗಳ ಸರದಿಯೂ ತಪ್ಪಿತು, ಅವರ ಬೈಗುಳ ಮುಖ್ಯಸ್ಥರು ತಿಂದರು. ನಮ್ಮ ಯಂತ್ರಕ್ಕೆ ಹೊಸ ಗುಮ್ಮಟ ಹಾಕಿ ಚಪಳಗಾಂವದ ಒಂದು ಮನೆಯ ಮೇಲೆ, ಬೇರೆಯವರ ಉಸ್ತುವಾರಿಯಲ್ಲಿ, ಮೊದಲಿನಿಂದ ಶುರು ಮಾಡುವುದೆಂದಾಯಿತು. ನನ್ನ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ಕರಜಗಿಯ ಯಂತ್ರ ಬಿಚ್ಚಿ ತರುವುದು ನನ್ನ ಕೊನೆಯ ಕೆಲಸ.

ಆ ದಿನ ಫೋನ್ ಮಾಡದೆ ಹೋದೆ. ಸುದ್ದಿ ನನಗಿಂತ ಮುಂಚೆ ಮುಟ್ಟಿತ್ತು. ನಾನು ಮಾಳಿಗೆಯ ಮೇಲೆ ತಿರುಪು ಬಿಚ್ಚುತ್ತಿದ್ದಾಗ ಕಾಕು ಬಂದು ಪಕ್ಕದಲ್ಲಿ ಕುಳಿತರು.

"ಚಪಳಗಾಂವಕ್ಕ ಒಯ್ತಾರಂತಲ್ಲ? ಅದು ನಮ್ಮ ತಂಗಿ ನೆಗ್ಯಾಣಿ ಮನಿ. ನಮ್ಮ ಕಡಿಂದ ಏನರೆ ತಪ್ಪಾತೇನ?"

"ಇಲ್ರಿ ಕಾಕು. ಮುದ್ದತ್ತು ಮುಗೀತು, ಅಷ್ಟ."

ಅವರ ಮುಖ ಅರಳಿತು. ಸೆರಗಿನಡಿಯಿಂದ ಡಬ್ಬಿ ತೆಗೆದು ನನ್ನ ಮಡಿಲಲ್ಲಿಟ್ಟರು. "ಹಂಗಾರ ಇದನ್ನ ಆಕಿಗಿ ಮುಟ್ಟಸು. ಅರಿವ್ಯಾಗ ಸೋಸೀನಿ, ಭಾಳ ಸಣ್ಣದೈತಿ. ಹೆಂಗ ತಿಕ್ಕೂದು ಅಂತ ನಿನ್ನಿ ಫೋನ್ಯಾಗ ಎಲ್ಲಾ ಹೇಳಿಕೊಟ್ಟೀನಿ. ಮೂರ ವರ್ಸ ಒಂದ ದಿನಾ ಮಬ್ಬ ಆಗಾಕ ಬಿಟ್ಟಿಲ್ಲ ನಾ, ಅಂದೆ."

ಇನ್ನು ಹೇಳದೆ ಗತಿಯಿರಲಿಲ್ಲ. ಹಳೆಯ ಗುಮ್ಮಟವನ್ನು ಅವರ ಕೈಗೆ ಕೊಟ್ಟು, ಮಸೂರ ಹಿಡಿದು ನೋಡಲು ಹೇಳಿ, ಎಲ್ಲವನ್ನೂ ಹೇಳಿದೆ. ಕಾಕು ಬಹಳ ಹೊತ್ತು ಮಸೂರದಿಂದ ಕಣ್ಣು ತೆಗೆಯಲಿಲ್ಲ.

"ಈ ಗೀರು ನಾ ಮಾಡಿದ್ದಾ?"

"ಹೂಂರಿ."

"ಎಷ್ಟ ದಿನದ್ದು ಹಾಳಾತು?"

"ಎಲ್ಲಾ."

"ಅವತ್ತ ಇಲ್ಲೇ ಕುಂತಿದ್ದಿ, ನಾ ನೀರ ತಂದ ಕೊಟ್ಟೆ. ಅವತ್ತ ಗೊತ್ತಾಗಿತ್ತೇನ ನಿನಗ?"

"ಹೂಂರಿ ಕಾಕು."

ಅವರು ಗುಮ್ಮಟವನ್ನು ನೆಲಕ್ಕೆ ತಾಗದಂತೆ ಅರಿವೆಯ ಮೇಲಿಟ್ಟರು. ಸೊಂಟದ ಚೀಲದಿಂದ ಫೋನ್ ತೆಗೆದು ಚಪಳಗಾಂವಕ್ಕೆ ಹಚ್ಚಿದರು. ತಂಗಿಯ ಓರಗಿತ್ತಿಯ ಮನೆ, ಮದುವೆ, ಕುಬಸ, ಎಲ್ಲದರಲ್ಲೂ ಎದುರಾಗುವ ಬೀಗರ ಮನೆ ಅದು.

"ಅಕ್ಕಾ, ನಾ ಕರಜಗೀಂದ. ನಿನ್ನಿ ನಾ ಹೇಳಿದ್ದೆಲ್ಲಾ ಬಿಟ್ಟಬಿಡು. ಬರೇ ನೀರ ಹಾಕಿ ಒರಸು. ಮಬ್ಬ ಕಂಡ್ರ ಕಾಣ್ಲಿ, ರಂಗೋಲಿ ಮುಟ್ಟಸಬ್ಯಾಡ... ಯಾಕಂದ್ರ, ನಾ ತಿಕ್ಕಿ ಕೆಡಿಸೀನಿ. ಮೂರ ವರ್ಸದ್ದು ಪೂರಾ... ಹೂಂ, ನಾನ."

ಫೋನ್ ಇಟ್ಟು ಕಾಕು ಡಬ್ಬಿಯನ್ನು ನನ್ನ ಮಡಿಲಿಂದ ವಾಪಸ್ ತೆಗೆದುಕೊಂಡು ಇಳಿದು ಹೋದರು. ನಾನು ಯಂತ್ರವನ್ನು ಪೆಟ್ಟಿಗೆಗೆ ತುಂಬಿ ಕೆಳಗೆ ತಂದಾಗ ಅವರು ಹಿತ್ತಿಲಲ್ಲಿದ್ದರು, ಬೆನ್ನು ನನ್ನ ಕಡೆಗಿತ್ತು. ಹೋಗಿ ಬರ್ತೀನ್ರಿ ಕಾಕು ಎಂದೆ. ಹೂಂ ಎಂದರು. ಆ ಮನೆಯಿಂದ ನಾನು ಚಹಾ ಕುಡಿಯದೆ ಹೊರಬಿದ್ದದ್ದು ಅದೊಂದೇ ಸಲ.